ಮಾರುತಿಗೆ ಒಂದು ಲೆಕ್ಕ, ಟೊಮೆಟೊಗೆ ಇನ್ನೊಂದು

ಮಾರುತಿ 800 ಕಾರಿನ ಹಳೇ ಫೋಟೋ ವಾಟ್ಸಾಪಲ್ಲಿ ಮತ್ತೆ ಸುತ್ತುತಾ ಇದೆ. '1983ರಲ್ಲಿ ಬೆಲೆ ಬರೀ 47,500 ರೂಪಾಯಿ, ಎಂಥಾ ಕಾಲ!' ಅಂತ ಕೆಳಗೆ ಬರೆದವ್ರೆ. ನಮ್ಮ ಗುಂಡ್ಲುಪೇಟೆ ಗ್ರೂಪುಗಳಲ್ಲೂ ಅದಕ್ಕೆ ಕೈಮುಗಿದದ್ದೇ ಮುಗಿದದ್ದು.

'ಬರೀ' ಅಂದ್ರೇನ್ ಸ್ವಾಮಿ? 1983-84ರಲ್ಲಿ ಭತ್ತದ ಬೆಂಬಲ ಬೆಲೆ ಕ್ವಿಂಟಾಲಿಗೆ 132 ರೂಪಾಯಿ. ಭಾಗಿಸಿ ನೋಡಿ, ಒಂದು ಕಾರಿಗೆ 360 ಕ್ವಿಂಟಾಲ್ ಭತ್ತ. ಎಕರೆಗೆ 20 ಕ್ವಿಂಟಾಲ್ ಬಂತು ಅಂತಲೇ ಇಟ್ಕೊಳ್ಳಿ, 18 ಎಕರೆ ಗದ್ದೆಯ ಇಡೀ ಬೆಳೆ ಆಯ್ತು. ಮನೆಗೆ ತಿನ್ನೋಕೆ ಒಂದು ಕಾಳೂ ಉಳಿಸ್ಕೊಳ್ಳಂಗಿಲ್ಲ. ಆವಾಗ ನಮ್ಮ ಕಡೆ ಊರಿಗೆ ಒಂದು ಸೈಕಲ್ ಇದ್ದರೆ ಅದೇ ಮೆರವಣಿಗೆ.

ಇನ್ನೊಂದು ದಾರಿ ಇದೆ. ಆಸ್ತಿ ಮಾರಿದೋರ ಲಾಭ ಲೆಕ್ಕ ಹಾಕೋಕೆ ಆದಾಯ ತೆರಿಗೆಯವರು ವರ್ಷಾವರ್ಷ ಹಣದುಬ್ಬರದ ಸೂಚ್ಯಂಕ ಕೊಡ್ತಾರೆ. 1981-82 ನೂರು ಅಂತಿಟ್ಟರೆ 1983-84ಕ್ಕೆ 116. ನಡುವೆ 2001ಕ್ಕೆ ಬುಡ ಬದಲಾಯಿಸಿ ಅದನ್ನೇ ಹೊಸದಾಗಿ ನೂರು ಮಾಡಿದ್ರು. ಎರಡನ್ನೂ ಜೋಡಿಸಿ 2024-25ಕ್ಕೆ ಬಂದರೆ ದುಡ್ಡು 13 ಪಟ್ಟು ಚಿಲ್ಲರೆ ಆಗಿದೆ. ಅಂದ್ರೆ ಆ 47,500 ಇವತ್ತಿನ 6 ಲಕ್ಷದ 30 ಸಾವಿರ. ಅದೇ ಕಂಪನಿ ಆಲ್ಟೊ ಕಾರನ್ನ ಆ ವರ್ಷ 4 ಲಕ್ಷದ ಆಸುಪಾಸಿಗೆ ಕೊಡ್ತಿತ್ತು. ಕಾರು ಅಗ್ಗ ಆಗಿದೆ ಕಣ್ರಪ್ಪ, ದುಬಾರಿ ಆಗಿಲ್ಲ!

ಭತ್ತವೂ 2024-25ಕ್ಕೆ 2,300 ಆಗಿ 17 ಪಟ್ಟು ಏರಿದೆಯಲ್ಲ, ರೈತ ಗೆದ್ದನಲ್ಲ ಅಂತ ಯಾರಾದ್ರೂ ಹೇಳಬಹುದು. ಕಾಗದದಲ್ಲಿ ಹೌದು. ಆದರೆ ನಾನು ಹುಡುಗನಾಗಿದ್ದಾಗ ನಮ್ಮೂರಲ್ಲಿ ಗಂಡಾಳಿನ ಕೂಲಿ 10 ರೂಪಾಯಿ ಇದ್ದದ್ದು ಈಗ 500. ಅದು 50 ಪಟ್ಟು. ಕೂಲಿಯವರನ್ನ ದೂರ್ತಿಲ್ಲ, ಅವರೂ ಹೊಟ್ಟೆಗೆ ತಿನ್ನಬೇಕು.

ಅದಿರಲಿ, ಗುಂಡ್ಲುಪೇಟೆ, ಚಾಮರಾಜನಗರದಲ್ಲಿ ಭತ್ತವನ್ನೇ ನಂಬಿರೋರು ಎಷ್ಟು ಜನ? ನಮ್ಮದು ಟೊಮೆಟೊ, ಸಣ್ಣ ಈರುಳ್ಳಿ, ಅರಿಶಿನ, ಬಾಳೆ, ಚೆಂಡುಹೂವು. (ಊಟಿಗೆ ಹೋಗೋರು ಕಾರು ನಿಲ್ಲಿಸಿ, ಹೊಲಕ್ಕೆ ನುಗ್ಗಿ ಫೋಟೋ ತೆಗೆಸ್ಕೊಳ್ಳೋದು ಅದೇ ಹೂವಲ್ಲಿ.) ಇವು ಯಾವುದಕ್ಕೂ ಬೆಂಬಲ ಬೆಲೆ ಇಲ್ಲ. 1995ರ ಸುಮಾರಿಗೆ ಮಾಲು ಜಾಸ್ತಿ ಬಂದ ವಾರ ಟೊಮೆಟೊ ಕೆಜಿ 3 ರೂಪಾಯಿಗೆ ಕೊಟ್ಟಿದ್ದೀನಿ. ಈಗಲೂ ಮಾಲು ಜಾಸ್ತಿ ಬಂದ ವಾರ ಅದೇ 3 ರೂಪಾಯಿ. ಆ ಸೂಚ್ಯಂಕದ ಪ್ರಕಾರ ಅದು 16 ಆಗಬೇಕಿತ್ತು. 16 ಸಿಕ್ಕಿದ್ರೆ ಯಾರೂ ರಸ್ತೆಗೆ ಸುರಿಯಲ್ಲ.

ಸರ್ಕಾರಿ ನೌಕರನಿಗೆ ತುಟ್ಟಿಭತ್ಯೆ ವರ್ಷಕ್ಕೆ ಎರಡು ಸಲ ಏರುತ್ತೆ. 2024ರ ಜುಲೈ 23ಕ್ಕೆ ಮುಂಚೆ ಕೊಂಡ ಸೈಟು ಮಾರಿದವನಿಗೆ ಸೂಚ್ಯಂಕ ಇದೆ. ಕಾರಿನ ಹಳೇ ಬೆಲೆಗೂ 'ಇವತ್ತಿನ ಲೆಕ್ಕದಲ್ಲಿ' ಅಂತ ಗುಣಿಸಿ ನೋಡೋರು ಇದ್ದಾರೆ. 2023ರ ಜುಲೈನಲ್ಲಿ ಟೊಮೆಟೊ ನೂರು ದಾಟಿದಾಗ ಮಾತ್ರ ಯಾರೂ ಗುಣಿಸಲಿಲ್ಲ. ರೈತ ಲೂಟಿ ಹೊಡೀತಾವ್ನೆ ಅಂತ ಟಿವಿಯಲ್ಲಿ ಗಲಾಟೆ. ಆ ತಿಂಗಳು ನಮ್ಮಲ್ಲಿ ಎಷ್ಟೋ ಜನರ ಹೊಲದಲ್ಲಿ ಕಾಯೇ ಇರಲಿಲ್ಲ.

ನಿಮ್ಮ ಮನೆ ಅಟ್ಟದ ಮೇಲೆ ಹಳೇ ಮಂಡಿ ಚೀಟಿ ಇದ್ದರೆ ಫೋಟೋ ತೆಗೆದು ಕಳಿಸಿ. ತಾರೀಖು, ತೂಕ, ರೇಟು ಕಾಣಬೇಕು. ಒಂದೊಂದಕ್ಕೂ ಇವತ್ತಿನ ಬೆಲೆ ಲೆಕ್ಕ ಹಾಕಿ ಇಲ್ಲೇ ಹಾಕ್ತೀನಿ. ಮಾರುತಿ ಫೋಟೋ ಬಂದಾಗೆಲ್ಲ ಅದರ ಕೆಳಗೆ ಅಂಟಿಸೋಣ.