ಬೆಲೆ ಕೇಳುವ ಕಿವಿ

ಧ್ವನಿವರ್ಧಕದ ಪೆಟ್ಟಿಗೆಯನ್ನು ಬಿಚ್ಚಿ, ಒಳಗಿನ ಒಂದು ಕೆಪಾಸಿಟರನ್ನು ಕಿತ್ತು, ಅದೇ ಅಳತೆಯ ದುಬಾರಿ ಕೆಪಾಸಿಟರೊಂದನ್ನು ಬೆಸೆದರೆ ಸಂಗೀತದ ಮುಂದಿನ ತೆರೆಯೇ ಸರಿದಂತಾಗುತ್ತದೆ ಎಂಬ ಮತವೊಂದು ನಮ್ಮ ಹವ್ಯಾಸಿಗಳಲ್ಲಿ ಬೇರೂರಿದೆ. ಇದು ಬೆಂಗಳೂರಿನ ಸಿರಿವಂತರ ಮತವೆಂದು ಯಾರೂ ತಿಳಿಯಬೇಕಾಗಿಲ್ಲ. ಶಿಕಾರಿಪುರ, ಸೊರಬಗಳಂಥ ತಾಲ್ಲೂಕು ಊರುಗಳಲ್ಲಿಯೂ, ಮಳೆಗಾಲದ ಸಂಜೆ ಒಳಗೆ ಕುಳಿತು ಮಲ್ಲಿಕಾರ್ಜುನ ಮನಸೂರರನ್ನೋ ಗಂಗೂಬಾಯಿ ಹಾನಗಲ್ಲರನ್ನೋ ಕೇಳುವ ಅಭಿರುಚಿಯುಳ್ಳವರು ಈ ಮಾತಿಗೆ ಒಲಿದಿದ್ದಾರೆ. ಸಂಬಳದಲ್ಲಿ ಉಳಿಸಿದ ಹಣವನ್ನು ಹೊರದೇಶದ ಕೆಪಾಸಿಟರುಗಳಿಗೆ ಸುರಿಯುತ್ತಿದ್ದಾರೆ. ಆ ಅಭಿರುಚಿಯ ಬಗ್ಗೆ ನನಗೆ ಗೌರವವಿದೆ. ಈ ಮತದ ಬಗ್ಗೆ ಇಲ್ಲ.

ಕನ್ನಡದ ಮೇಷ್ಟರಿಗೆ ಇದರ ಗೊಡವೆ ಏಕೆಂದು ಕೇಳಬಹುದು. ಗೊಡವೆ ಇದೆ. ಮಾಧುರ್ಯ, ಓಜಸ್ಸು, ಪ್ರಸಾದ ಎಂದು ನಮ್ಮ ಆಲಂಕಾರಿಕರು ಕಾವ್ಯಕ್ಕೆ ಹೇಳಿದ ಗುಣಗಳನ್ನೆಲ್ಲ ಹೆಬ್ಬೆರಳು ಗಾತ್ರದ ಡಬ್ಬಿಯೊಂದಕ್ಕೆ ಆರೋಪಿಸುವಾಗ, ಆ ಮಾತುಗಳ ಲೆಕ್ಕ ಕೇಳುವ ಅಧಿಕಾರ ಭಾಷೆಯನ್ನು ಕಲಿಸುವವನಿಗೆ ಇದ್ದೇ ಇದೆ.

ಮೊದಲು ಆ ಡಬ್ಬಿ ಮಾಡುವ ಕೆಲಸವೇನೆಂಬುದನ್ನು ನೋಡೋಣ. ಪೆಟ್ಟಿಗೆಯಲ್ಲಿ ದೊಡ್ಡ ವೂಫರ್ ಮಂದ್ರಕ್ಕೆ, ಚಿಕ್ಕ ಟ್ವೀಟರ್ ತಾರಕ್ಕೆ. ಯಾರ ಪಾಲು ಯಾರಿಗೆಂದು ಹಂಚುವುದು ಕ್ರಾಸ್‌ಓವರ್. ಟ್ವೀಟರಿನ ದಾರಿಯಲ್ಲಿ ಕುಳಿತ ಕೆಪಾಸಿಟರ್ ಕೆಳಗಿನ ಕಂಪನಗಳನ್ನು ತಡೆದು ಮೇಲಿನವುಗಳನ್ನು ಬಿಡುತ್ತದೆ. 8 ಓಮಿನ ಟ್ವೀಟರಿಗೆ 4.7 ಮೈಕ್ರೊಫ್ಯಾರಡ್ ಹಾಕಿದರೆ ಗಡಿ ಸುಮಾರು 4,200 ಹರ್ಟ್ಸಿನಲ್ಲಿ ಬೀಳುತ್ತದೆ. ಅಳತೆಯಲ್ಲಿ ನೂರಕ್ಕೆ ಹತ್ತು ಹೆಚ್ಚುಕಡಿಮೆಯಾದರೆ ಆ ಗಡಿ 3,850ರಿಂದ 4,700ರವರೆಗೆ ಎಲ್ಲಿ ಬೇಕಾದರೂ ನಿಂತೀತು.

ಆದಕಾರಣ ಕೆಪಾಸಿಟರಿನಿಂದ ಧ್ವನಿ ಬದಲಾಗುವುದೇ ಇಲ್ಲವೆಂದು ನಾನು ವಾದಿಸುವುದಿಲ್ಲ. ಎಲೆಕ್ಟ್ರೊಲಿಟಿಕ್ ಜಾತಿಯವು ಮೂವತ್ತು ನಲವತ್ತು ವರ್ಷಗಳಲ್ಲಿ ಒಳಗೆ ಒಣಗುತ್ತವೆ. ಅಳತೆ ತಪ್ಪುತ್ತದೆ, ಒಳತಡೆ ಏರುತ್ತದೆ, ತಾರದ ಧ್ವನಿ ಮಂಕಾಗುತ್ತದೆ. ಅಂಥದನ್ನು ತೆಗೆದು ನೂರಿನ್ನೂರು ರೂಪಾಯಿಯ ಸಾಧಾರಣ ಪಾಲಿಪ್ರೊಪಿಲೀನ್ ಕೆಪಾಸಿಟರ್ ಹಾಕಿದರೆ ವ್ಯತ್ಯಾಸ ಕೇಳಿಸಬಹುದು. ಆದರೆ ಅದಕ್ಕೆ ದುರಸ್ತಿ ಎಂದು ಹೆಸರು. ಸೋರುವ ಮಾಡಿನ ಒಡೆದ ಹೆಂಚನ್ನು ಬದಲಿಸಿದವನು ಅರಮನೆ ಕಟ್ಟಿಸಿದೆನೆಂದು ಹೇಳಿಕೊಳ್ಳುವುದಿಲ್ಲ.

ಇಲ್ಲಿಯೇ ಮೋಸಹೋಗುವ ಎಡೆಯೂ ಒಂದಿದೆ. ಹಳೆಯದರಲ್ಲಿ ಅರ್ಧ ಓಮಿನಷ್ಟು ಒಳತಡೆ ಇದ್ದು ಹೊಸದರಲ್ಲಿ ಇಲ್ಲವೆನ್ನಿ. ಟ್ವೀಟರ್ ಸುಮಾರು ಅರ್ಧ ಡೆಸಿಬೆಲ್ ಜೋರಾಗುತ್ತದೆ. ತುಸು ಜೋರಾದುದು ನಮ್ಮ ಕಿವಿಗೆ ಜೋರೆಂದು ತೋರುವುದಿಲ್ಲ, ಉತ್ತಮವೆಂದು ತೋರುತ್ತದೆ. ಬರಿಯ ಪ್ರಮಾಣವನ್ನು ಗುಣವೆಂದು ಹೊಗಳುವುದು ಹೀಗೆ ಆರಂಭವಾಗುತ್ತದೆ.

ಇನ್ನು ಒಳ್ಳೆಯ ಸ್ಥಿತಿಯಲ್ಲಿರುವ, ಅಳತೆ ಮತ್ತು ಒಳತಡೆಗಳಲ್ಲಿ ಸರಿಸಮವಾದ ಎರಡು ಪಾಲಿಪ್ರೊಪಿಲೀನ್ ಕೆಪಾಸಿಟರುಗಳಲ್ಲಿ ಒಂದಕ್ಕೆ ನೂರೈವತ್ತು, ಇನ್ನೊಂದಕ್ಕೆ ಐದು ಸಾವಿರ ರೂಪಾಯಿ ಎಂದುಕೊಳ್ಳಿ. ಈ ಅಂತರವನ್ನು ನಮ್ಮವರು ಹೋಲಿಸುವ ಬಗೆ ಹೇಗೆ? ಒಂದು ರಾಗ ಕೇಳುತ್ತಾರೆ. ಬೆಸುಗೆಯ ಕಡ್ಡಿ ಕಾಯಿಸಿ ಅರ್ಧ ಗಂಟೆ ಕೆಲಸ ಮಾಡುತ್ತಾರೆ. ಮತ್ತೆ ಅದೇ ರಾಗ ಕೇಳುತ್ತಾರೆ. ಧ್ವನಿಯ ಸೂಕ್ಷ್ಮ ಭೇದದ ನೆನಪು ಕೆಲವು ಕ್ಷಣಗಳಿಗಿಂತ ಹೆಚ್ಚು ನಿಲ್ಲುವುದಿಲ್ಲ. ಅರ್ಧ ಗಂಟೆಯ ಅನಂತರ ನಿಂತಿರುವುದು ಅಂಗಡಿಯ ರಶೀದಿಯ ನೆನಪು ಮಾತ್ರ. ಅಷ್ಟು ಹಣ ತೆತ್ತವನ ಕಿವಿ ಬೇರೆ ಏನನ್ನು ತಾನೆ ಹೇಳೀತು?

ಇದು ನನ್ನ ಕುಹಕವಲ್ಲ. ಫ್ಲಾಯ್ಡ್ ಟೂಲ್, ಶಾನ್ ಆಲಿವ್ ಎಂಬ ಇಬ್ಬರು ಸಂಶೋಧಕರು ಒಂದೇ ಧ್ವನಿವರ್ಧಕಗಳನ್ನು ಕೇಳುಗರಿಗೆ ತೋರಿಸಿ ಒಮ್ಮೆ, ಮರೆಮಾಡಿ ಒಮ್ಮೆ ಕೇಳಿಸಿ, 1994ರಲ್ಲಿ ಫಲವನ್ನು ಪ್ರಕಟಿಸಿದರು. ಕಣ್ಣಿಗೆ ಕಂಡಾಗ ಕೇಳುಗರು ಕೊಟ್ಟ ಅಂಕಗಳೇ ಬೇರೆಯಾದವು. ಅನುಭವಿಗಳೂ ಇದಕ್ಕೆ ಹೊರತಾಗಲಿಲ್ಲ.

ಸಾಹಿತ್ಯದವರಿಗೆ ಇದು ಹೊಸ ಪಾಠವೇನಲ್ಲ. ಕೇಂಬ್ರಿಜಿನ ಐ. ಎ. ರಿಚರ್ಡ್ಸ್ ಕವಿಗಳ ಹೆಸರನ್ನು ಅಳಿಸಿ ಕವನಗಳನ್ನು ವಿದ್ಯಾರ್ಥಿಗಳ ಕೈಗಿತ್ತು, ಅವರು ಬರೆದುಕೊಟ್ಟ ಅಭಿಪ್ರಾಯಗಳನ್ನು 1929ರಲ್ಲಿ ಪುಸ್ತಕವಾಗಿ ತಂದಾಗ, ಹೆಸರಿನ ಊರುಗೋಲಿಲ್ಲದೆ ರಸಿಕತೆ ಹೇಗೆ ತಡವರಿಸುತ್ತದೆಂಬುದು ಬಯಲಾಯಿತು. ಕವಿಯ ಹೆಸರು ನೋಡಿ ಕವಿತೆ ಮೆಚ್ಚುವವನಿಗೂ ಬೆಲೆಯ ಚೀಟಿ ನೋಡಿ ಸ್ವರ ಮೆಚ್ಚುವವನಿಗೂ ಏನು ಭೇದ? ಸೊರಬದ ಗುಡಿಗಾರರನ್ನು ಕೇಳಿ. ಗಂಧದ ಮರದ ಬೆಲೆ ಏರಿದ ಮಾತ್ರಕ್ಕೆ ಕೆತ್ತನೆಯ ರೇಖೆ ತಿದ್ದಿಕೊಳ್ಳುವುದಿಲ್ಲ ಎಂಬುದನ್ನು ಅವರು ಚೆನ್ನಾಗಿ ಬಲ್ಲರು.

“ಯಂತ್ರದ ಅಳತೆಗೆ ಸಿಕ್ಕದುದು ಕಿವಿಗೆ ಸಿಕ್ಕಬಾರದೇ?” ಎಂಬುದು ಎದುರುವಾದ. ಸಿಕ್ಕಲಿ. ನಾನು ಯಂತ್ರದ ವಕೀಲನಲ್ಲ, ಕಿವಿಯ ವಕೀಲ. ಕಿವಿಯನ್ನೇ ಕೇಳೋಣ, ಆದರೆ ಕಣ್ಣನ್ನೂ ಕಿಸೆಯನ್ನೂ ಹೊರಗಿಟ್ಟು ಕೇಳೋಣ. ಅಳತೆ ಒಂದೇ ಎಂದು ಖಚಿತಪಡಿಸಿಕೊಂಡ ಎರಡು ಕೆಪಾಸಿಟರುಗಳನ್ನು ಒಂದೇ ಪೆಟ್ಟಿಗೆಗೆ ಸ್ವಿಚ್ಚಿನ ಮೂಲಕ ಜೋಡಿಸಿ, ಮೇಲೆ ಪಂಚೆ ಹೊದಿಸಿ. ನಿಮ್ಮ ಕಣ್ಣಿಗೆ ಬೀಳದಂತೆ ಕುಳಿತ ಗೆಳೆಯನೊಬ್ಬ ಪ್ರತಿ ಸಲವೂ ನಾಣ್ಯ ಚಿಮ್ಮಿ, ಅದು ಬಿದ್ದಂತೆ ಸ್ವಿಚ್ಚು ಇಟ್ಟು, ಬರೆದುಕೊಳ್ಳುತ್ತ ಹೋಗಲಿ. ಹದಿನಾರು ಸಲ ಕೇಳಿ, ಯಾವುದೆಂದು ಹೇಳಿ. ಬರಿಯ ಊಹೆಯಿಂದ 16ರಲ್ಲಿ 12 ಅಥವಾ ಹೆಚ್ಚು ಸರಿಯಾಗುವುದು ನೂರಕ್ಕೆ ನಾಲ್ಕು ಬಾರಿ ಮಾತ್ರ. ಅಷ್ಟು ಗೆದ್ದು ಬಂದವರ ಮಾತನ್ನು ನಾನು ಎದ್ದುನಿಂತು ಕೇಳುತ್ತೇನೆ. ಪರೀಕ್ಷೆಯೇ ಬೇಡವೆನ್ನುವವರು ಹೇಳುತ್ತಿರುವುದು ಭಕ್ತಿಯ ಮಾತು. ಅದನ್ನು ವಿಮರ್ಶೆಯೆಂದು ಕರೆಯಬಾರದು.

ನಾವು ಕೇಳುವುದಾದರೂ ಏನನ್ನು? ಮನಸೂರರು 1930ರ ದಶಕದಲ್ಲಿ ಹಾಡಿದ ಅರಗಿನ ತಟ್ಟೆಗಳಲ್ಲಿ ಐದಾರು ಸಾವಿರ ಹರ್ಟ್ಸಿನ ಮೇಲೆ ಮುಳ್ಳಿನ ಸರಪರವೇ ಹೆಚ್ಚು. ಮಧ್ಯಮ ತರಂಗದ ಬಾನುಲಿಯಲ್ಲಿ ನಾಲ್ಕೂವರೆ ಸಾವಿರ ದಾಟುವುದೇ ಕಷ್ಟ. ಟ್ವೀಟರಿಗೆ ಪಾಲೇ ಇಲ್ಲದ ಸಂಗೀತಕ್ಕೆ ಟ್ವೀಟರಿನ ಬಾಗಿಲಲ್ಲಿ ಚಿನ್ನದ ಹೊಸ್ತಿಲು! ಅದೇ ಪೆಟ್ಟಿಗೆಯನ್ನು ಮೂಲೆಯಿಂದ ಎರಡಡಿ ಮುಂದೆ ಸರಿಸಿ ನೋಡಿ, ಬರಿಯ ಗೋಡೆಯ ಮುಂದೆ ಪುಸ್ತಕದ ಕಪಾಟು ಇಟ್ಟು ನೋಡಿ. ಬದಲಾವಣೆಯನ್ನು ಕೇಳಲು ಯಾವ ಭಕ್ತಿಯೂ ಬೇಕಾಗುವುದಿಲ್ಲ. ಖರ್ಚೂ ಇಲ್ಲ.

ಇದರಲ್ಲಿ ಹಣಕ್ಕಿಂತ ದೊಡ್ಡ ನಷ್ಟವೊಂದಿದೆ. ನಮ್ಮ ಊರುಗಳ ರೇಡಿಯೊ ರಿಪೇರಿಯವರು ಮೀಟರ್ ಹಿಡಿದು ಸತ್ತ ಕೆಪಾಸಿಟರ್ ಯಾವುದು, ಬದುಕಿರುವುದು ಯಾವುದೆಂದು ನಿಜವಾಗಿ ಬಲ್ಲವರು. ಅವರ ಕೂಲಿಗೆ ಇಪ್ಪತ್ತು ರೂಪಾಯಿ ಚೌಕಾಸಿ ಮಾಡುವ ಕೈಯೇ ಥಳಥಳಿಸುವ ಡಬ್ಬಿಗೆ ಸಾವಿರಗಳನ್ನು ಎಣಿಸುತ್ತದೆ. ಬಲ್ಲವನ ವಿದ್ಯೆಗೆ ಬೆಲೆ ಇಲ್ಲದೆ, ಬೆಲೆಗೇ ವಿದ್ಯೆಯ ಮರ್ಯಾದೆ ಸಲ್ಲುವ ಊರಿನಲ್ಲಿ ಬೆಸುಗೆ ಹಾಕಲು ಕಲಿಯುವ ಹುಡುಗರು ಮುಂದೆ ಎಲ್ಲಿಂದ ಬರಬೇಕು? ಹಳೆಯ ಪೆಟ್ಟಿಗೆ ಮಂಕಾಗಿದ್ದರೆ ಅವರ ಬಳಿಗೆ ಒಯ್ಯಿರಿ, ಕೇಳಿದಷ್ಟು ಕೂಲಿ ಕೊಡಿ. ಮಿಕ್ಕ ಹಣದಲ್ಲಿ ಒಂದು ಒಳ್ಳೆಯ ಕಚೇರಿಗೆ ಹೋಗಿ, ಮುಂದಿನ ಸಾಲಿನಲ್ಲಿ ಕುಳಿತು ಕೇಳಿ ಬನ್ನಿ.