ಅಜ್ಜಿಯ ಮರೆವಿಗೆ ಜೀನ್ ಟೆಸ್ಟ್ ಬೇಕಾ?

ಅಡಿಕೆ ಕೊಳೆರೋಗದ ಸುದ್ದಿಗೆಂದು ಬೆಳ್ತಂಗಡಿ ಕಡೆಯ ಒಂದು ಮನೆಗೆ ಹೋಗಿದ್ದೆವು. ಜಗಲಿಯಲ್ಲಿ ಕೂತಿದ್ದ ಅಜ್ಜಿ "ಎಲ್ಲಿಯವರು ನೀವು?" ಎಂದು ಮೂರು ಸಲ ಕೇಳಿದರು. ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದವರು. ಈಗ ನೂಲು ಎಲ್ಲಿಟ್ಟದ್ದು ಎಂದೂ ನೆನಪಿಲ್ಲವಂತೆ. ಹೊರಡುವಾಗ ಮಗ ಮೆಲ್ಲನೆ ಕೇಳಿದರು: "ಮಂಗಳೂರಿಗೆ ಕೊಂಡೋಗಿ ಜೀನ್ ಟೆಸ್ಟ್ ಮಾಡಿಸಿದರೆ ಆಲ್ಝೈಮರ್ ಹೌದಾ ಅಲ್ವಾ ಗೊತ್ತಾಗ್ತದಂತಲ್ಲ? ಮೊಬೈಲಲ್ಲಿ ಬಂದಿತ್ತು."

ಗೊತ್ತಾಗುವುದಿಲ್ಲ. ಬಂಟ್ವಾಳ, ಮೂಡುಬಿದಿರೆಯಲ್ಲೂ ಇದೇ ಪ್ರಶ್ನೆ ಕೇಳಿದ್ದೇವೆ, ಅದಕ್ಕೇ ಬರೆಯುತ್ತಿದ್ದೇವೆ.

ಹೆಚ್ಚಾಗಿ ನೋಡುವುದು ಎಪಿಒಇ ಎಂಬ ಜೀನನ್ನು. ಅದರ ಇ4 ಎಂಬ ಬಗೆ ಇದ್ದರೆ ಕಾಯಿಲೆಯ ಸಾಧ್ಯತೆ ಹೆಚ್ಚು, ಅಷ್ಟೆ. ಇದ್ದವರಿಗೆಲ್ಲ ಬರುವುದಿಲ್ಲ, ಇಲ್ಲದವರಿಗೂ ಬರುತ್ತದೆ. ಆ ಲೆಕ್ಕಾಚಾರವೂ ಬಹುಪಾಲು ಯುರೋಪ್ ಮೂಲದವರದ್ದು. ನಮ್ಮ ಹಳ್ಳಿಯವರ ಲೆಕ್ಕ ಹಿಡಿಯಲು ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರದವರು ಕೋಲಾರದ ಶ್ರೀನಿವಾಸಪುರದಲ್ಲಿ 45 ದಾಟಿದವರನ್ನು ವರ್ಷಗಟ್ಟಲೆ ಪರೀಕ್ಷಿಸುತ್ತಿದ್ದಾರೆ.

ಜೀನ್ ಪರೀಕ್ಷೆಗೆ ನಿಜವಾದ ಕೆಲಸ ಇರುವುದು ಬೇರೆ ಕಡೆ. ಎಪಿಪಿ, ಪಿಎಸ್‌ಇಎನ್1, ಪಿಎಸ್‌ಇಎನ್2 ಎಂಬ ಮೂರು ಜೀನ್‌ಗಳ ದೋಷದಿಂದ ಕೆಲವು ಕುಟುಂಬಗಳಲ್ಲಿ ನಲ್ವತ್ತು ಐವತ್ತರಲ್ಲೇ ಮರೆವು ಶುರುವಾಗುತ್ತದೆ, ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಆಲ್ಝೈಮರ್ ಆದ ನೂರರಲ್ಲಿ ಒಬ್ಬರಿಗೂ ಹೀಗಿರುವುದಿಲ್ಲ. ನಿಮ್ಮ ಮನೆಯಲ್ಲಿ ತಲೆಮಾರಿನಿಂದ ತಲೆಮಾರಿಗೆ ಹಾಗೆ ಬಂದಿದ್ದರೆ ನಿಮ್ಹಾನ್ಸ್‌ನಂಥ ಕಡೆ ಕೇಳಿ. ಆಗಲೂ ಮೊದಲು ಕಾಯಿಲೆ ಆದವರ ರಕ್ತ, ಅದಕ್ಕೂ ಮೊದಲು ತಜ್ಞರ ಜೊತೆ ಮಾತು.

ಯಾಕೆಂದರೆ ಆ ರಿಪೋರ್ಟು ಅಜ್ಜಿಯ ಒಬ್ಬರದ್ದೇ ಅಲ್ಲ, ಮೊಮ್ಮಗಳದ್ದೂ ಹೌದು. ಹುಡುಗಿಗೆ ಸಂಬಂಧ ನೋಡುವಾಗ ಜಾತಕದ ಜೊತೆ ಇದನ್ನೂ ಕೇಳುವ ಜನ ನಮ್ಮಲ್ಲಿಲ್ಲವಾ?

ಮತ್ತೆ ಏನು ಮಾಡುವುದು? ಬಿ12 ಕಡಿಮೆಯಾದರೂ, ಥೈರಾಯ್ಡ್ ಇಳಿದರೂ, ಮನಸ್ಸು ಕುಗ್ಗಿದರೂ ಮರೆವು ಬರುತ್ತದೆ. ಅಂಗಳದ ಪಾಚಿಯಲ್ಲಿ ಜಾರಿ ಬಿದ್ದು ತಲೆಯೊಳಗೆ ರಕ್ತ ಹೆಪ್ಪುಗಟ್ಟಿದರೂ ಬರುತ್ತದೆ. ನಿದ್ರೆ ಮಾತ್ರೆಯಿಂದಲೂ ಬರಬಹುದು. ಇವಕ್ಕೆಲ್ಲ ಮದ್ದುಂಟು. ಡಾಕ್ಟರು ಪ್ರಶ್ನೆ ಕೇಳಿ, ರಕ್ತ ನೋಡಿ, ಬೇಕಾದರೆ ಸ್ಕ್ಯಾನ್ ಮಾಡಿಸಿಯೇ ತೀರ್ಮಾನಿಸುವುದು. ಹೋಗುವಾಗ ತಿನ್ನುವ ಮಾತ್ರೆಗಳನ್ನೆಲ್ಲ ಒಯ್ಯಿರಿ, ಮರೆವು ಯಾವಾಗ ಶುರುವಾಯಿತು ಎಂದು ಬರೆದಿಟ್ಟುಕೊಳ್ಳಿ.

"ಅರವತ್ತಕ್ಕೆ ಅರಳುಮರಳು" ಎಂದು ಅಲ್ಲೇ ಬಿಡುವುದೂ ತಪ್ಪೇ. ಪಿಎಚ್‌ಸಿ ಡಾಕ್ಟರುಗಳಿಗೆ ಇದನ್ನು ಗುರುತಿಸಲು ಕಲಿಸುವ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ 2022ರಲ್ಲಿ ನಿಮ್ಹಾನ್ಸ್ ಜೊತೆ ಶುರುವಾಯಿತು. ನಮ್ಮ ಮೂರು ತಾಲೂಕಿನ ಶಾಸಕರು ಕೇಳಬೇಕಾದದ್ದು ಆ ತರಬೇತಿ ನಮ್ಮ ಪ್ರತಿ ಪಿಎಚ್‌ಸಿಗೂ ಮುಟ್ಟಿದೆಯೇ ಎಂದು.

ಆ ಮಗನಿಗೂ ಇದನ್ನೇ ಹೇಳಿ ಬಂದೆವು. ಕರಕೊಂಡು ಹೋಗುತ್ತೇನೆ ಎಂದಿದ್ದಾರೆ, ಅಡಿಕೆಗೆ ಮದ್ದು ಬಿಟ್ಟು ಮುಗಿದ ಮೇಲೆ.