ಹೋಟೆಲು ಮಾರಿದರೆ ಹೊಣೆಯೂ ಮಾರಿಹೋಯಿತೇ?

ಚೆಂಬೂರಿನಲ್ಲಿ ಹೋಟೆಲೊಂದು ಕೈಬದಲಾದರೆ, ಎಷ್ಟಕ್ಕೆ ಹೋಯಿತೆಂಬುದು ನಾವು ಮುಂಬಯಿ ಕನ್ನಡಿಗರು ಕೇಳುವ ಮೊದಲ ಪ್ರಶ್ನೆ. ಅಲ್ಲಿ ದುಡಿಯುವಾಗ ಗಾಯಗೊಂಡವನಿಗೆ ಸಲ್ಲಬೇಕಾದ ಪರಿಹಾರ ಏನಾಯಿತೆಂದು ವಿಚಾರಿಸುವವರು ವಿರಳ. ಹಳೆಯ ಧಣಿಗಳು ‘ಹೋಟೆಲು ಈಗ ನಮ್ಮದಲ್ಲ’ ಎನ್ನುತ್ತಾರೆ. ಹೊಸಬರು ‘ಅದು ನಮ್ಮ ಕಾಲದ್ದಲ್ಲ’ ಎನ್ನುತ್ತಾರೆ. ಗ್ರೈಂಡರಿನಲ್ಲಿ ಬೆರಳು ಕಳೆದುಕೊಂಡವನು ಬರಿಗೈಯಲ್ಲಿ ಊರಿನ ಬಸ್ಸು ಹತ್ತುತ್ತಾನೆ. ಇದನ್ನು ವ್ಯಾಪಾರಧರ್ಮವೆಂದು ಒಪ್ಪಲು ನಾವು ಸಿದ್ಧರಿಲ್ಲ.

ಹಳೆಯ ಧಣಿಗಳ ಮಾತು ಕಾನೂನಿನೆದುರು ನಿಲ್ಲದು. 1923ರ ನಷ್ಟಪರಿಹಾರ ಕಾಯಿದೆಯಡಿ ಹೊಣೆ ಹುಟ್ಟುವುದು ಅಪಘಾತವಾದ ದಿನವೇ ಎಂದು ಪ್ರತಾಪ ನಾರಾಯಣ ಸಿಂಗ್ ದೇವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1975ರಲ್ಲಿಯೇ ತೀರ್ಪಿತ್ತಿದೆ. ಹುಟ್ಟಿದ ಹೊಣೆಯನ್ನು ಕ್ರಯಪತ್ರ ಅಳಿಸಲಾರದು. 1959ರಲ್ಲಿ ಸೇರಿಸಿದ 14ಎ ಕಲಮು ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು: ಪರಿಹಾರ ಕೊಡುವ ಮೊದಲೇ ಮಾಲಿಕನು ಆಸ್ತಿಯನ್ನು ವರ್ಗಾಯಿಸಿದರೆ, ವರ್ಗವಾದ ಸ್ಥಿರಾಸ್ತಿಯ ಮೇಲೆ ಆ ಮೊತ್ತವೇ ಮೊದಲ ಋಣಭಾರ.

ಕುಂದಿದ್ದುದು ‘ಸ್ಥಿರಾಸ್ತಿ’ ಎಂಬ ಪದದಲ್ಲಿ. ನೆಲವುಳ್ಳ ಗಿರಣಿಗೆ ಅದು ಸಾಕಾದೀತು. ಬಾಡಿಗೆಯ ಜಾಗದ ಹೋಟೆಲಿನಲ್ಲಿ ಮಾರಾಟವಾಗುವುದು ಪಾತ್ರೆ, ಒಲೆ, ಬೋರ್ಡಿನ ಮೇಲಿನ ಹೆಸರು ಮತ್ತು ಆ ಹೆಸರಿಗೆ ಒಲಿದ ಗಿರಾಕಿಗಳು. ಋಣಭಾರ ಕೂರಲು ಅಲ್ಲಿ ನೆಲವೇ ಇಲ್ಲ. ಆದರೆ 1952ರ ಭವಿಷ್ಯನಿಧಿ ಕಾಯಿದೆಯ 17ಬಿ ಕಲಮು ವಂತಿಗೆಯ ಬಾಕಿಗೆ ಮಾರಿದವನನ್ನೂ ಕೊಂಡವನನ್ನೂ ಜಂಟಿಯಾಗಿ ಹೊಣೆಮಾಡಿತ್ತು. ವಂತಿಗೆಗೆ ಇಬ್ಬರು ಹೊಣೆಗಾರರು. ಹೋದ ಬೆರಳಿಗೆ ಇಲ್ಲದ ನೆಲದ ಆಸರೆ!

2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ಈ ತಾರತಮ್ಯವನ್ನು ಬಹುಮಟ್ಟಿಗೆ ನೀಗಿದೆ. ಮಾರಾಟ, ಗುತ್ತಿಗೆ, ಪರವಾನಗಿ, ಯಾವ ಬಗೆಯಲ್ಲಿ ಸಂಸ್ಥೆ ಕೈಬದಲಾದರೂ ಅಲ್ಲಿಯವರೆಗಿನ ಬಾಕಿಗೆ ಇಬ್ಬರೂ ಹೊಣೆ. ನಮ್ಮವರು ‘ಕಂಡಕ್ಟಿಂಗ್’ ಎಂದು ಕರೆಯುವ ಏರ್ಪಾಡಿಗೂ ಇದು ಅನ್ವಯವಾಗಲೇಬೇಕು. ಆದರೆ ಕೊಂಡವನ ಹೊಣೆ ಅವನಿಗೆ ದೊರೆತ ಆಸ್ತಿಯ ಮೌಲ್ಯಕ್ಕೆ ಸೀಮಿತ. ಹೆಸರಿಗಾಗಿ ಲಕ್ಷಗಟ್ಟಲೆ ಎಣಿಸಿಕೊಟ್ಟವರು ಪರಿಹಾರದ ಪ್ರಶ್ನೆ ಬಂದಾಗ ಪಾತ್ರೆಗಳನ್ನಷ್ಟೇ ತೂಗಿ ತೋರಿಸುವುದು ಸಲ್ಲದು. ಆ ಮೌಲ್ಯದಲ್ಲಿ ಹೆಸರಿನ ಬೆಲೆಯೂ ಸೇರಬೇಕು.

ತಿಳಿಯದ ಹಳೆಯ ಬಾಕಿಯನ್ನು ಕೊಂಡವರ ತಲೆಗೆ ಕಟ್ಟುವುದು ನ್ಯಾಯವೇ ಎಂಬ ಆಕ್ಷೇಪ ಬರುತ್ತದೆ. ಬಾಡಿಗೆ, ವಿದ್ಯುತ್ ಬಿಲ್ಲು, ನಗರಪಾಲಿಕೆಯ ಲೈಸೆನ್ಸು ಇವನ್ನೆಲ್ಲ ಕೆದಕಿ ನೋಡಿಯೇ ಮುಂಗಡ ಕೊಡುವವರಿಗೆ, ಯಾರಿಗಾದರೂ ಗಾಯವಾಗಿದೆಯೇ ಎಂದು ಕೇಳುವುದು ಕಷ್ಟವೇ? ಬಾಕಿಯಿದ್ದರೆ ಅಷ್ಟನ್ನು ಕ್ರಯದ ಹಣದಲ್ಲಿ ತಡೆಹಿಡಿಯಬಹುದು. ಕೊಳ್ಳುವವರಿಗೂ ಮಾರುವವರಿಗೂ ಮಾತಾಡುವ ಅವಕಾಶವಿದೆ. ಗಾಯಾಳುವಿಗೆ ಆ ವ್ಯವಹಾರದಲ್ಲಿ ಕೂರಲು ಜಾಗವೇ ಇಲ್ಲ.

ಇಂಥ ವ್ಯವಹಾರಗಳಲ್ಲಿ ಮಧ್ಯಸ್ಥರಾಗಿ ಕೂರುವವರು ಹಲವೊಮ್ಮೆ ನಮ್ಮ ಸಂಘಗಳ ಹಿರಿಯರೇ. ಕರಾರುಪತ್ರಕ್ಕೆ ಸಹಿ ಬೀಳುವ ಮೊದಲು ಗಾಯಾಳುಗಳ ಬಾಕಿಯನ್ನು ಅದರಲ್ಲಿ ಬರೆಯಿಸುವ ಕೆಲಸ ಅವರದು. ಅದಿಲ್ಲದ ಪತ್ರಕ್ಕೆ ಅವರು ಸಾಕ್ಷಿ ಹಾಕಬಾರದು.